ಇಂಚಿಗೊಂದು ವರ್ಷ

ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳು ತುಂಬುವ ಮೊದಲೇ ಮುಗಿಯತೊಡಗಿದಾಗ ನಾನು ಬೈದದ್ದು ಕ್ಲಿನಿಕ್ಕಿನಲ್ಲಿ ಮಾತ್ರೆ ಎಣಿಸಿ ಕೊಡುವವನನ್ನು. ಅವರು ಕೊಡುವುದು ತಿಂಗಳಿಗೊಮ್ಮೆ. ಕೊನೆಯ ವಾರ ಮಾತ್ರೆ ಇಲ್ಲದೆಯೇ ಕಳೆಯುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಕಳ್ಳ ನನ್ನ ಪಕ್ಕದಲ್ಲೇ ಕೂತು ಶರ್ಟಿಗೆ ಗುಂಡಿ ಹಚ್ಚುತ್ತಿದ್ದ.

ನಮ್ಮ ಯಜಮಾನರು ದರ್ಜಿ. ವಯಸ್ಸು ಅರವತ್ತೆಂಟು. ಮೊಮ್ಮಗಳು ಹುಟ್ಟಿದಂದಿನಿಂದ ಅವರಿಗೆ ಒಂದೇ ಹಂಬಲ, ಅವಳ ಮದುವೆಯ ಬಟ್ಟೆಯನ್ನು ತಾವೇ ಹೊಲಿಯಬೇಕು. ಉಪವಾಸವಿದ್ದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರೆ ಮುಪ್ಪು ನಿಧಾನವಾಗುತ್ತದೆ ಎಂದು ಯಾರೋ ಫೋನಿಗೆ ವಿಡಿಯೋ ಕಳಿಸಿದ್ದರಂತೆ. ಅಷ್ಟೇ ಸಾಕಾಯಿತು. ಬೆಳಿಗ್ಗೆ ತಿಂಡಿ ಬೇಡ, ಮಧ್ಯಾಹ್ನ ಹಸಿವಿಲ್ಲ. ದಿನಾ ಟೇಪು ಹಿಡಿದು ಸೊಂಟ ಅಳೆದುಕೊಳ್ಳುವುದು. ಒಂದಿಂಚು ಇಳಿದರೆ ಒಂದು ವರ್ಷ ಆಯಸ್ಸು ಕೂಡಿತು ಎಂದು ಅವರದೇ ಲೆಕ್ಕ. ದರ್ಜಿಯ ಬುದ್ಧಿ ಟೇಪು ದಾಟಿ ಎಲ್ಲಿಗೆ ಹೋದೀತು!

ಎರಡನೇ ಇಂಚು ಇಳಿದ ದಿನ, ಕೋಟಿನ ತೋಳು ಕತ್ತರಿಸುತ್ತಿದ್ದವರು ಹಾಗೆಯೇ ಮೇಜಿನ ಮೇಲೆ ಕುಸಿದರು. ನಾನು ಕೂಗಿಕೊಂಡೆ. ಕ್ಲಿನಿಕ್ಕಿನಿಂದ ನರ್ಸಮ್ಮ ಓಡಿ ಬಂದಳು. ಇವರು ಮೊದಲಿನಿಂದಲೂ ತೆಗೆದುಕೊಳ್ಳುವ ಬಿಪಿ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟಿದ್ದಕ್ಕೆ ಬಿಪಿ ತೀರಾ ಇಳಿದಿದೆ ಎಂದಳು. ಅಂಗಿಯ ಜೇಬಿನಲ್ಲಿ ನನ್ನ ಮಾತ್ರೆಗಳೂ ಸಿಕ್ಕವು.

ಚೇತರಿಸಿಕೊಂಡ ಮೇಲೂ ಇವರ ಹಟ ಇಳಿಯಲಿಲ್ಲ. ಹಾಗಾದರೆ ವಿಡಿಯೋ ಸುಳ್ಳಾ ಎಂದು ಕೇಳಿದರು. ಪೂರ್ತಿ ಸುಳ್ಳಲ್ಲ ಎಂದಳು ನರ್ಸಮ್ಮ. ಊಟ ಕಡಿಮೆ ಮಾಡಿದ ಇಲಿಗಳು, ಕೆಲವು ಔಷಧಿ ಕೊಟ್ಟ ಇಲಿಗಳು ಹೆಚ್ಚು ದಿನ ಬದುಕಿದ್ದುಂಟಂತೆ. ಮನುಷ್ಯರ ಆಯಸ್ಸು ಹಾಗೆ ಹೆಚ್ಚುತ್ತದೆ ಎಂದು ಇನ್ನೂ ಸಾಬೀತಾಗಿಲ್ಲವಂತೆ, ಸಂಶೋಧನೆ ನಡೆಯುತ್ತಿದೆಯಂತೆ.

“ಇಲಿ ಅಳತೆಗೆ ಕೋಟು ಹೊಲಿದು ನೀವು ಹಾಕ್ಕೋತೀರಾ ಅಜ್ಜಾ?”

“ಸರಿಯಾಗದಿದ್ರೆ ಬಿಚ್ಚಿ ಮತ್ತೆ ಹೊಲಿದ್ರಾಯ್ತು,” ಎಂದರು ಇವರು.

“ಕೋಟು ಬಿಚ್ಚಬಹುದು. ಮೈ ಬಿಚ್ಚಿ ಹೊಲಿಯೋಕಾಗತ್ತಾ?”

ಇವರದು ಇನ್ನೂ ಒಪ್ಪಿದ ಮುಖವಲ್ಲ. ಆಗ ನರ್ಸಮ್ಮ ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಮುನ್ನೂರು ದಾಟಿತ್ತು. ಹೀಗೇ ಬಿಟ್ಟರೆ ಕಣ್ಣಿಗೂ ಕಿಡ್ನಿಗೂ ಕುತ್ತು ಎಂದಳು. ನನ್ನ ಮಾತ್ರೆ ಮುಗಿದರೆ ಕ್ಲಿನಿಕ್ಕಿನಲ್ಲಿ ಇನ್ನಷ್ಟು ಕೊಡುತ್ತಾರೆ ಎಂದೇ ಇವರು ತಿಳಿದಿದ್ದರಂತೆ. ಆ ಅಂಕಿಯನ್ನೇ ನೋಡುತ್ತಾ ಕೂತರು. ಕಣ್ಣು ತುಂಬಿ ಬಂತು.

“ನನ್ನ ಆಯಸ್ಸು ಉದ್ದ ಮಾಡ್ಕೊಳ್ಳೋಕೆ ಹೋಗಿ ನಿಂದು ಕತ್ತರಿಸಿಬಿಟ್ಟೆನಲ್ಲೇ,” ಎಂದರು.

ಚೆನ್ನಾಗಿ ಬೈಯಬೇಕೆಂದಿದ್ದೆ. ಬದಲಿಗೆ ಅವರ ಕೈ ಹಿಡಿದುಕೊಂಡು ಕೂತೆ.

ಈಗ ಡಾಕ್ಟರು ಹೇಳಿದಂತೆ ಹೊತ್ತು ಹೊತ್ತಿಗೆ ಮಿತವಾದ ಊಟ, ಸಂಜೆ ಅರ್ಧ ಗಂಟೆ ನಡಿಗೆ, ಇಬ್ಬರೂ ಜೊತೆಯಲ್ಲಿ. ಅವರ ಮಾತ್ರೆ ಅವರಿಗೆ, ನನ್ನದು ನನಗೆ. ನನ್ನ ಸಕ್ಕರೆ ಇಳಿದಿದೆ. ಇವರು ಮೊಮ್ಮಗಳಿಗೆ ಫ್ರಾಕು ಹೊಲಿಯುತ್ತಾ ಹಾಯಾಗಿದ್ದಾರೆ.

ನಿಮ್ಮ ಫೋನಿಗೂ ಇಂಥ ವಿಡಿಯೋ ಬಂದೀತು. ಹೆಚ್ಚು ಕಾಲ ಬಾಳುವ ಆಸೆ ತಪ್ಪಲ್ಲ. ಆದರೆ ಉಪವಾಸ ಹಿಡಿಯುವ ಮೊದಲು, ಯಾವುದೇ ಮಾತ್ರೆ ಬಾಯಿಗಿಡುವ ಮೊದಲು ಡಾಕ್ಟರನ್ನು ಕೇಳಿ. ಇನ್ನೊಬ್ಬರ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ನೂರು ವರ್ಷ ಬಾಳಿ, ನಿಮ್ಮವರನ್ನೂ ಬಾಳಗೊಡಿ.