ಮುಯ್ಯಾಳು

ಕಂಪ್ಯೂಟರಿನ ಪರದೆಯ ಮೇಲೆ ಎರಡು ಮುಖಗಳಿದ್ದವು. ಎಡಕ್ಕೆ ಗುತ್ತೆವ್ವ, ಬಲಕ್ಕೆ ದುರಗವ್ವ. ಎರಡರ ಕೆಳಗೂ ಗುತ್ತೆವ್ವನ ಹೆಸರು, ಗುತ್ತೆವ್ವನ ನಂಬರು. ತಹಮೀನಾ ಮೂರನೇ ಸಲ ಕುರ್ಚಿ ಬಿಟ್ಟೆದ್ದು ಕಿಟಕಿಯವರೆಗೆ ಹೋದಳು. ಅಲ್ಲಿ ನೋಡುವಂಥದ್ದು ಏನೂ ಇಲ್ಲದ್ದರಿಂದ ತಿರುಗಿ ಬಂದು ಕೂತಳು. ವಿಚಾರಣೆಯ ಫಾರ್ಮು ತುಂಬಿ ಹನ್ನೆರಡರೊಳಗೆ ಕಳಿಸಬೇಕೆಂದು ಹುಬ್ಬಳ್ಳಿಯ ಹೆಡ್ಡಾಫೀಸಿನಿಂದ ಬೆಳಿಗ್ಗೆಯೇ ಮೇಲ್ ಬಂದಿತ್ತು. ಈಗ ಹನ್ನೊಂದೂ ಕಾಲು.

ಶಿಗ್ಗಾವಿಯ ಹೊರವಲಯದ ಈ ಗಾರ್ಮೆಂಟ್ಸಿನಲ್ಲಿ ತಹಮೀನಾ ಆರು ವರ್ಷದಿಂದ ಎಚ್‌ಆರ್ ಆಗಿದ್ದಳು. ಯಾವ ಊರಿನ ಬಸ್ಸು ಮಳೆ ಬಂದರೆ ತಡವಾಗುತ್ತದೆ, ಯಾರ ಪಕ್ಕ ಯಾರನ್ನು ಕೂರಿಸಿದರೆ ಜಗಳವಾಗುತ್ತದೆ, ಯಾರಿಗೆ ಈಗ ಎಷ್ಟು ತಿಂಗಳು, ಎಲ್ಲ ಅವಳಿಗೆ ಬಾಯಿಪಾಠ. ಹೋದ ತಿಂಗಳು ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂತು. ಅದಕ್ಕೆ ಇದ್ಯಾವುದೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಹಂಬಲವೂ ಇಲ್ಲ. ಮೊದಲ ವಾರದಲ್ಲೇ ಅದು ಗುತ್ತೆವ್ವನ ಕಾರ್ಡು ಹಿಡಿದು ಬಂದ ದುರಗವ್ವನನ್ನು ಕಂಡು, ಫೋಟೋ ಸಮೇತ ಹುಬ್ಬಳ್ಳಿಗೆ ಚಾಡಿ ಹೇಳಿತು.

ಅದರ ಬೆನ್ನಿಗೇ ಇನ್ನೊಂದು ಸುದ್ದಿ. ಎಲ್ಲ ಕಂಪ್ಯೂಟರಿನಲ್ಲೇ ಆಗುವಾಗ ಶಿಗ್ಗಾವಿ, ಹಾನಗಲ್ ಎರಡಕ್ಕೂ ಒಬ್ಬರೇ ಎಚ್‌ಆರ್ ಸಾಕಂತೆ. ಹಾನಗಲ್ಲಿನ ಅಸದ್ ಉಳಿಯುತ್ತಾನೋ, ಇವಳೋ, ತಿಂಗಳ ಕೊನೆಗೆ ತಿಳಿಯಲಿತ್ತು. ಸವಣೂರಿನಲ್ಲಿ ಅವಳ ತಾಯಿ ಮುಮ್ತಾಜಬೇಗಂ ಮಗಳ ನೌಕರಿಯ ಸುದ್ದಿಯನ್ನು ಮದುವೆಯ ಸುದ್ದಿಯಂತೆ ಓಣಿಯಲ್ಲೆಲ್ಲ ಹಂಚಿ ಬಂದಿದ್ದಳು. ಈಗ ಹೋಗಿ ಏನು ಹೇಳಿಯಾಳು?

ಗುತ್ತೆವ್ವ ಬಾಗಿಲಲ್ಲಿ ಬಂದು ನಿಂತಳು. ಕೂದಲಿಗೆ ಬಿಳಿ ದಾರದ ಚೂರು ಅಂಟಿಕೊಂಡಿತ್ತು.

"ಬರ್ರಿ ಗುತ್ತೆವ್ವಕ್ಕ, ಕುಂಡರ್ರಿ. ಈ ಬಲಗಡೆ ಫೋಟೋದಾಗ ಇರಾಕಿ ಯಾರು ಹೇಳ್ರಿ."

"ದುರಗವ್ವ ಅಲ್ಲೇನ್ರಿ. ನಿಮಗೂ ಗೊತ್ತೈತಲ್ಲ."

"ನನಗ ಗೊತ್ತಿರೂದು ಬ್ಯಾರೆ. ಫಾರ್ಮಿನ್ಯಾಗ ಬರೀಬೇಕು. ಆಕಿ ಯಾಕ ಬಂದಿದ್ಲು?"

"ಮುಯ್ಯಾಳ ಬಂದಿದ್ಲ್ರಿ. ನನ್ನ ಮಗಳು ಭಾಗ್ಯಶ್ರೀನ್ನ ತಿಂಗಳಿಗೊಮ್ಮೆ ಫಿಟ್ಸಿಗೆ ತೋರಸಾಕ ದವಾಖಾನಿಗೆ ಕರಕೊಂಡು ಹೋಗ್ತೇನಿ. ಆವತ್ತ ಆಕಿ ನನ್ನ ಮಷೀನಿಗೆ ಕುಂಡರ್ತಾಳ. ಐತಾರ ನಾ ಆಕಿ ಗೋವಿನಜ್ವಾಳದಾಗ ಕಳೆ ತಗೀತೇನಿ. ಕಾಲರಿನ್ಯಾಗ ಒಂದ ಹೊಲಿಗಿ ತಪ್ಪಿದ್ರ ತೋರಸ್ರಿ."

ತಪ್ಪಿರಲಿಲ್ಲ. ದುರಗವ್ವ ಇಲ್ಲೇ ಐದು ವರ್ಷ ಕಾಲರ್ ಹೊಲಿದು, ಹೊಲ ನೋಡಿಕೊಳ್ಳಲು ಕೆಲಸ ಬಿಟ್ಟವಳು. ಇಬ್ಬರೂ ದುಂಡಸಿಯವರು. ಅಲ್ಲಿ ಬಿತ್ತನೆ, ಕಳೆ, ಕೊಯ್ಲು ಎಲ್ಲ ಹೀಗೇ ಮುಯ್ಯಾಳಿನ ಮೇಲೆ ನಡೆಯುತ್ತದೆ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಹೊಲದ ಪದ್ಧತಿ ಫ್ಯಾಕ್ಟರಿಗೆ ನಡೆಯುವುದಿಲ್ಲ ಎಂದು ಗುತ್ತೆವ್ವನಿಗೆ ಯಾರೂ ಹೇಳಿರಲಿಲ್ಲ.

ಹೇಳಬೇಕಾದವಳು ತಹಮೀನಾ. ಅವಳು ಹೇಳಿದ್ದು ಬೇರೆಯೇ. ಎರಡು ವರ್ಷದ ಹಿಂದೆ, ಮಾಲು ಕಳಿಸುವ ಗಡಿಬಿಡಿಯಲ್ಲಿ, ಒಂದೇ ದಿನ ಹನ್ನೊಂದು ಮಂದಿ ರಜೆ ಕೇಳಿದ್ದರು. ಹನ್ನೆರಡನೆಯವಳಾಗಿ ಬಂದ ಗುತ್ತೆವ್ವನ ಮೇಲೆ ಅವಳು ಹರಿಹಾಯ್ದಿದ್ದಳು. "ರಜಾ ಗಿಜಾ ಏನಿಲ್ಲ. ಹೋಗೂದಿದ್ರ ನಿಮ್ಮ ಜಾಗಾಕ್ಕ ಯಾರನ್ನರ ತಂದು ಕುಂಡರಸಿ ಹೋಗ್ರಿ." ಮರುದಿನ ಗುತ್ತೆವ್ವ ತಂದು ಕೂರಿಸಿಯೇ ಹೋಗಿದ್ದಳು. ಬೈಯಲೆಂದು ಕೆಳಗಿಳಿದು ಹೋದ ತಹಮೀನಾ, ತಲೆ ಬಗ್ಗಿಸಿ ಸರಸರ ಹೊಲಿಯುತ್ತಿದ್ದ ದುರಗವ್ವನನ್ನು ನೋಡಿ ನಗು ತಡೆಯಲಾರದೆ ಹಿಂದಿರುಗಿದ್ದಳು. ಆಮೇಲೆ ತಿಂಗಳಿಗೊಂದು ದಿನ ಆ ಸಾಲಿನ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟಳು.

ಈಗ ಫಾರ್ಮಿನ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ಆಡಳಿತದ ಯಾರಿಗಾದರೂ ಇದು ಮೊದಲೇ ಗೊತ್ತಿತ್ತೇ? ಇಲ್ಲವೆಂದರೆ ಅದು ಮೋಸ, ಗುತ್ತೆವ್ವ ಇವತ್ತೇ ಕೆಲಸದಿಂದ ಹೊರಗೆ. ಹೌದೆಂದರೆ ಅವಳಿಗೆ ಒಂದು ಎಚ್ಚರಿಕೆಯ ನೋಟಿಸು ಕೊಟ್ಟು ಬಿಟ್ಟುಬಿಡುತ್ತಾರೆ. ಆದರೆ ಗೊತ್ತಿದ್ದವರ ಹೆಸರು ಹುಬ್ಬಳ್ಳಿಗೆ ಹೋಗುತ್ತದೆ, ಅವರ ನೌಕರಿಗೇ ಕುತ್ತು. ತಹಮೀನಾ ಅದನ್ನು ಓದಿ ಹೇಳಿದಳು.

"ಯಾರಿಗೂ ಗೊತ್ತಿರಲಿಲ್ಲಂತ ಬರಕೋರಿ," ಎಂದಳು ಗುತ್ತೆವ್ವ.

"ಹಂಗ ಬರದ್ರ ಇವತ್ತ ನಿಮ್ಮ ಕಾರ್ಡ್ ಕಸ್ಕೋತಾರ."

"ಕಸ್ಕೊಳ್ಳಿ ಬಿಡ್ರಿ. ನಾ ಹೊಲಕ್ಕರ ಹೋದೇನು. ನೀವು ಹೋಗ್ತೀರೇನು? ಒಂದ ದಿನದ ಬಿಸಲಿಗೆ ಮಕ್ಕೊಂಡುಬಿಡ್ತೀರಿ."

"ಭಾಗ್ಯಶ್ರೀ ಗುಳಿಗಿ?"

ಗುತ್ತೆವ್ವ ಕೂದಲಿಗಂಟಿದ ದಾರ ತೆಗೆದು ಬೆರಳಿಗೆ ಸುತ್ತಿಕೊಂಡಳು. ಗುಳಿಗೆ ಪುಕ್ಕಟೆ ಸಿಗುತ್ತಿದ್ದುದು ಕಂಪನಿಯ ಕಾರ್ಡಿನ ಮೇಲೆಯೇ. "ಏನರ ಮಾಡಿದ್ರಾತು," ಎಂದಳು. ಆದರೆ ಮುಖ ತಗ್ಗಿತ್ತು.

ತಹಮೀನಾ 'ಇಲ್ಲ' ಎಂಬುದರ ಮೇಲೆ ಒತ್ತಿದಳು. ಒತ್ತಿ ಎದ್ದು ನಿಂತಳು, ನೀರು ಕುಡಿದಳು, ಬಾಟಲಿಯ ಮುಚ್ಚಳ ಹಾಕಿ ಮತ್ತೆ ತೆಗೆದು ಮತ್ತೆ ಕುಡಿದಳು. ಎದುರಿಗೆ ಕೂತವಳು ತನ್ನನ್ನು ಬಚಾವು ಮಾಡುತ್ತಿದ್ದಾಳೆ, ತಾನು ಅದನ್ನು ಸಂಬಳದಷ್ಟು ಸಲೀಸಾಗಿ ತೆಗೆದುಕೊಳ್ಳುತ್ತಿದ್ದೇನೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೂತು, ಒತ್ತಿದ್ದನ್ನು ಅಳಿಸಿದಳು. 'ಗೊತ್ತಿತ್ತು. ಹಾಗೆ ಮಾಡಲು ಹೇಳಿದ್ದು ನಾನೇ' ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿ ಕಳಿಸಿದಳು. ಹನ್ನೆರಡಕ್ಕೆ ಎಂಟು ನಿಮಿಷವಿತ್ತು.

"ಏನ ಬರದ್ರಿ?"

"ಆಗಿದ್ದನ್ನ ಬರದೇನಿ."

ಗುತ್ತೆವ್ವ ಅವಳನ್ನೇ ನೋಡಿದಳು. "ಹಂಗಾದ್ರ ನಿಮ್ಮ ಜಾಗಾಕ್ಕ ಯಾರು ಬರ್ತಾರ್ರಿ ಇನ್ನ?"

"ಯಾರೂ ಬರಾಂಗಿಲ್ಲ. ಅಸದ್ ಹಾನಗಲ್ಲಿನಾಗ ಕುಂತ ನೋಡ್ಕೋತಾನ."

ಸೂಪರ್‌ವೈಸರ್ ಕೊಟ್ರೇಶ ಬಾಗಿಲಲ್ಲಿ ತಲೆ ಹಾಕಿದ. "ಗುತ್ತೆವ್ವ, ಮುಗೀತೇನು? ನಿನ್ನ ಮಷೀನ ಖಾಲಿ ಐತಿ, ಕಾಲರ್ ಬಂಡಲ್ ಎಲ್ಲಾ ನಿಂತಾವು. ಲಗೂ ಬಾ."

ಗುತ್ತೆವ್ವ ಎದ್ದಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಹುಬ್ಬಳ್ಳಿಯ ನಂಬರು. ತಹಮೀನಾ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. ಫೋನು ಬಿಡದೆ ಹೊಡೆದುಕೊಳ್ಳುತ್ತಲೇ ಇತ್ತು.

"ಹತ್ತ ಮಿನಿಟ ತಡೀರಿ ಸರ," ಎಂದು ಗುತ್ತೆವ್ವ ಕೊಟ್ರೇಶನಿಗೆ ಹೇಳಿ, ಬಾಗಿಲು ಮುಂದೆ ಮಾಡಿ, ಬಂದು ಮೊದಲಿನ ಕುರ್ಚಿಯಲ್ಲೇ ಕೂತಳು. "ಎತ್ತರಿ ಮೇಡಮ್ಮಾರ. ಮುಗಿಯೂಮಟಾ ನಾ ಇಲ್ಲೇ ಇರ್ತೇನಿ."

ತಹಮೀನಾ ಫೋನೆತ್ತಿದಳು. ಗುತ್ತೆವ್ವ ಸೆರಗು ಸರಿಮಾಡಿಕೊಂಡು, ಕೇಳುವುದನ್ನೆಲ್ಲ ತನ್ನನ್ನೇ ಕೇಳುತ್ತಾರೆ ಎಂಬಂತೆ ನೆಟ್ಟಗೆ ಕೂತಳು.