ಕುಗ್ಗಿದ ಶಿಖರ

ಸಂಜೆ ಆರಕ್ಕೆ ವೇಗವರ್ಧಕ ಯಂತ್ರ ನಿಲ್ಲುವುದಿತ್ತು. ಆಮೇಲೆ ನಾಲ್ಕು ತಿಂಗಳ ದುರಸ್ತಿ. ಕ್ಯಾನ್‌ಬೆರಾದ ಆ ಪ್ರಯೋಗಾಲಯದಲ್ಲಿ ಬ್ರಾನ್ವಿನ್ ಟಾಸ್ಕರ್ ಬೆಳಗಿನಿಂದ ಪರದೆಯ ಮುಂದಿನಿಂದ ಕದಲಿರಲಿಲ್ಲ.

ನಿಕಲ್ ನ್ಯೂಕ್ಲಿಯಸ್ಸು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಇಳಿಯುವಾಗ ಕೆಲವೊಮ್ಮೆ ಗಾಮಾ ಕಿರಣ ಬಿಡಲಾರದು. ಶಕ್ತಿಯನ್ನೆಲ್ಲ ಒಂದು ಇಲೆಕ್ಟ್ರಾನಿಗೆ ಕೊಟ್ಟು ಹೊರಕ್ಕೆ ದಬ್ಬುತ್ತದೆ. ಇದು ವಿದ್ಯುತ್ ಏಕಧ್ರುವ ಸಂಕ್ರಮಣ. ಅದು ಪ್ರಬಲವಾಗಿದ್ದರೆ ಆ ನ್ಯೂಕ್ಲಿಯಸ್ಸಿನಲ್ಲಿ ಎರಡು ಆಕಾರಗಳು ಬೆರೆತಿವೆ ಎನ್ನಬಹುದು. ಹೀಗೆ ಹೊರಬಿದ್ದ ಇಲೆಕ್ಟ್ರಾನುಗಳ ಎಣಿಕೆ ಪರದೆಯ ಮೇಲೆ ಶಿಖರವಾಗಿ ಏಳುತ್ತದೆ. ಹನ್ನೆರಡು ವರ್ಷದ ಹಿಂದೆ ಬ್ರಾನ್ವಿನ್ ಅಳೆದ ಎತ್ತರದ ಶಿಖರವೇ ಅವಳಿಗೆ ಹೆಸರು ತಂದಿತ್ತು. ಇವತ್ತು ಯಂತ್ರದ ಕಿರಣಕ್ಕೊಡ್ಡಿದ ಹೊಸ ನಿಕಲ್ ಹಾಳೆಯಿಂದ ಬಂದ ಶಿಖರ ಅದರ ಮೂರನೇ ಒಂದರಷ್ಟೂ ಇರಲಿಲ್ಲ.

"ಡಿಟೆಕ್ಟರ್ ಕೈಕೊಟ್ಟಿದೆ," ಎಂದಳು.

"ಬೆಳಿಗ್ಗೆ ನೀವೇ ಪರೀಕ್ಷೆ ಮಾಡಿದ್ರಲ್ಲ. ಸರಿಯಾಗೇ ಇತ್ತು," ಎಂದಳು ಆರ್ಲಾ ಕಾರಿಗನ್.

ಆರ್ಲಾ ಅವಳ ಹಳೆಯ ವಿದ್ಯಾರ್ಥಿನಿ. ಹಳೆಯ ಹಾಳೆಯಲ್ಲಿ ನಿಕಲ್‌ನ ಬೇರೆ ಐಸೊಟೋಪ್ ಬೆರೆತು ಶಿಖರ ಉಬ್ಬಿರಬಹುದು ಎಂದು ಹನ್ನೆರಡು ವರ್ಷದ ಹಿಂದೆಯೇ ಹೇಳಿದ್ದಳು. ಬ್ರಾನ್ವಿನ್ ಎಲ್ಲರೆದುರು ನಕ್ಕುಬಿಟ್ಟಿದ್ದಳು. ಹುಡುಗಿ ಕೆಲಸ ಅರ್ಧಕ್ಕೇ ಬಿಟ್ಟು ಮೆಲ್ಬರ್ನ್ ಸೇರಿದ್ದಳು. ಇವತ್ತಿನ ಶುದ್ಧ ಹಾಳೆ ತಂದವಳೂ ಅವಳೇ.

ಯಂತ್ರ ನಡೆಸುವ ಮ್ಲಾಡೆನ್ ಮಾಂಸದ ಪೈ ಕಚ್ಚುತ್ತ, "ನಿಮ್ಮ ಹಳೇ ಹಾಳೆ ಕಪಾಟಲ್ಲೇ ಬಿದ್ದಿದೆ. ಅದನ್ನೇ ಹಾಕಿ ನೋಡಿದ್ರಾಯ್ತು. ಇಬ್ರೂ ಹೀಗೆ ಮುಖ ಊದಿಸ್ಕೊಂಡು ಕೂತ್ರೆ ನಂಗೆ ಪೈ ಇಳಿಯಲ್ಲ," ಎಂದ.

ಹಳೆಯ ಹಾಳೆಯಲ್ಲಿ ಶಿಖರ ಮತ್ತೆ ಎದ್ದರೆ ಡಿಟೆಕ್ಟರ್ ಸರಿಯಿದೆ, ದೋಷ ಆ ಹಾಳೆಯದೇ, ಬ್ರಾನ್ವಿನ್‌ಳ ಹಳೆಯ ಅಳತೆ ಸುಳ್ಳು. ಹಾಕದೆ ಬಿಟ್ಟರೆ ಡಿಟೆಕ್ಟರಿನ ಮೇಲೆ ಗೂಬೆ ಕೂರಿಸಬಹುದು. ಮಾತು ಮುಂದಿನ ವರ್ಷಕ್ಕೆ ಹೋಗುತ್ತದೆ. ಆರ್ಲಾ ತೀರ್ಮಾನವನ್ನು ಗುರುವಿಗೇ ಬಿಟ್ಟು ಪರದೆಯತ್ತ ತಿರುಗಿದಳು. ಅದೇ ಬ್ರಾನ್ವಿನ್‌ಳನ್ನು ಇರಿಯಿತು.

"ಹಾಳೆಯ ಕೋಣೆ ತೆಗಿ, ಮ್ಲಾಡೆನ್," ಎಂದಳು.

ಹಾಳೆ ಬದಲಾಯಿಸಿ ಕೋಣೆಯ ಗಾಳಿಯನ್ನು ಮತ್ತೆ ಹೀರಿಸತೊಡಗುವಷ್ಟರಲ್ಲಿ ಮೂರೂಮುಕ್ಕಾಲು. ಒತ್ತಡಮಾಪಕದ ಮುಳ್ಳು ಒಂದೆಡೆ ಅಂಟಿಕೊಂಡಂತೆ ನಿಂತಿತು. ಸೀಲು ಸರಿಯಾಗಿ ಕೂತಿಲ್ಲವೇನೋ ಎಂದು ಅವಳಿಗೆ ಅಳುಕು. ಸೋರಿದ್ದರೂ ಒಳ್ಳೆಯದಿತ್ತು ಎಂಬ ಆಸೆಯೂ ಮೂಡಿತು. ಅದಕ್ಕೆ ತನಗೇ ನಾಚಿಕೆಯಾಯಿತು. ಮುಳ್ಳು ನಿಧಾನಕ್ಕೆ ಇಳಿಯಿತು. ನಾಲ್ಕೂಕಾಲಿಗೆ ಯಂತ್ರದ ಕಿರಣ ಹಾಳೆಗೆ ಹರಿಯಿತು.

ಮೊದಲ ಅರ್ಧ ಗಂಟೆ ಪರದೆಯಲ್ಲಿ ಬರೀ ಹುಲ್ಲಿನಂಥ ಗೆರೆಗಳು. ಐದಕ್ಕೆ ನಡುವೆ ಒಂದು ದಿಬ್ಬ. ಐದೂವರೆಗೆ ಅವಳ ಶಿಖರ, ಅದೇ ಎತ್ತರ, ಅದೇ ಅಗಲ.

"ನೀನು ಅವತ್ತು ಹೇಳಿದ್ದು ಸರಿ," ಎಂದಳು ಬ್ರಾನ್ವಿನ್.

"ಅವತ್ತು ನಂಗೂ ಗೊತ್ತಿರ್ಲಿಲ್ಲ. ಬರೀ ಅನುಮಾನ."

"ನಾನು ಅದನ್ನೂ ಕೇಳಿಸ್ಕೊಳ್ಲಿಲ್ಲ."

ಆರ್ಲಾ ಕುರ್ಚಿ ಹತ್ತಿರಕ್ಕೆಳೆದು, "ಸಣ್ಣ ಶಿಖರ ಸುಳ್ಳಲ್ಲ. ಅಷ್ಟರಲ್ಲೂ ಹೇಳೋಕೆ ಬೇಕಾದಷ್ಟಿದೆ," ಎಂದಳು.

ದಿನಚರಿ ಪುಸ್ತಕದಲ್ಲಿ ಬ್ರಾನ್ವಿನ್ ತನ್ನ ಕೈಯಾರೆ ಬರೆದಳು: ಹಳೆಯ ಅಳತೆ ತಪ್ಪು. ಏಪ್ರಿಲ್‌ನಲ್ಲಿ ತಿದ್ದುಪಡಿಯ ಲೇಖನ ಅಚ್ಚಾಯಿತು, ಮೊದಲ ಹೆಸರು ಆರ್ಲಾಳದು. ಆ ವರ್ಷ ಬ್ರಾನ್ವಿನ್‌ಳನ್ನು ಯಾವ ಸಮ್ಮೇಳನಕ್ಕೂ ಭಾಷಣಕ್ಕೆ ಕರೆಯಲಿಲ್ಲ.