ಸೋಡಿಯಂ ಮತ್ತು ಒಂದು ಕೆಮ್ಮು

ಅತ್ತಿಗೆಗೆ ಕೂರಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕತ್ತರಿ ಒರೆಸಬೇಕು, ಒರೆಸಿದ್ದನ್ನೇ ಮತ್ತೆ ಒರೆಸಬೇಕು. ಸಲೂನಿನ ಬಾಗಿಲಿಗೆ ರಜೆಯ ಹಲಗೆ ತೂಗುಹಾಕಿಯಾಗಿತ್ತು. ಗಿರಾಕಿಗಳ ಕುರ್ಚಿಯಲ್ಲಿ ಮೈದುನ ಕೊರಳಿಗೆ ಟವೆಲ್ ಸುತ್ತಿಕೊಂಡು ಪರೀಕ್ಷಕನಾಗಿ ಒರಗಿದ್ದ. ಯಾರ ದನಿ ಕೇಳಿದರೂ ಹಾಗೇ ಒಪ್ಪಿಸುವ ಅವನನ್ನು ಮನೆಯಲ್ಲೂ ಕಾಲೇಜಿನಲ್ಲೂ ಎಲ್ಲರೂ ಟೇಪು ಎಂದೇ ಕರೆಯುತ್ತಿದ್ದರು.

ಇನ್ನು ಸ್ವಲ್ಪ ಹೊತ್ತಿಗೆ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಮೌಖಿಕ ಪರೀಕ್ಷೆ. ಪಾಸಾದರೆ ಸಹಾಯಕಿಯ ತರಬೇತಿ, ಆಮೇಲೆ ಕೆಲಸ. ಇಲ್ಲವಾದರೆ ಮತ್ತೆ ಇದೇ ಕನ್ನಡಿ, ಇದೇ ಕೂದಲ ಬಣ್ಣ. ಆ ಬಣ್ಣ ಅವಳ ಕೈಯನ್ನೇ ತಿಂದುಹಾಕುತ್ತಿತ್ತು. ಬೆರಳು ಬಾತು, ಸಂದಿಯೆಲ್ಲ ಬಿರಿದು, ಉಪ್ಪು ಮುಟ್ಟಿದರೆ ಉರಿ. ಕೈ ಬೇಕಾದರೆ ಕಸುಬು ಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪರೀಕ್ಷಕರು ಹಿಂದೆ ಕಾಲೇಜಿನಲ್ಲಿ ಟೇಪುವಿಗೆ ಪಾಠ ಹೇಳಿದ ಮೇಷ್ಟ್ರು. ಅವರ ಮೂಗುದನಿ, ಎಳೆದು ಬಿಡುವ ‘ಅಮ್ಮಾ’ ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಉತ್ತರ ತಪ್ಪಾದರೆ “ಖ್ಹುಂ” ಎಂದು ಕೆಮ್ಮುವುದು ಮಾತ್ರ ಟೇಪು ತಾನಾಗಿ ಹಾಕಿದ ಒಗ್ಗರಣೆ. ಅದು ಅವಳಿಗೆ ಗೊತ್ತಿರಲಿಲ್ಲ.

“ಹೇಳೀಮ್ಮಾ, ಸೋಡಿಯಂ ಒಂದು ಎಲೆಕ್ಟ್ರಾನ್ ಕಳಕೊಂಡ್ರೆ ಏನಾಗುತ್ತೆ?”

“ಕಳಕೊಂಡ ಮೇಲೆ ಇನ್ನೇನು, ಮೈನಸ್.”

“ಖ್ಹುಂ.”

“ಸರಿ, ಪ್ಲಸ್. ಆದ್ರೆ ಯಾಕೋ? ಕಳಕೊಂಡವರು ಹೇಗೋ ಪ್ಲಸ್ ಆಗ್ತಾರೆ?”

“ಎಲೆಕ್ಟ್ರಾನ್ ಚಾರ್ಜೇ ಋಣ ಅತ್ತಿಗೆ. ಋಣ ಹರಿದ್ರೆ ಉಳಿಯೋದು ಧನ.”

“ನಿನ್ನ ಚಮತ್ಕಾರ ಅಲ್ಲಿ ನಡೆಯಲ್ಲ. ಲೆಕ್ಕ ಹೇಳು.”

ಟೇಪು ತಟ್ಟೆಯಿಂದ ಕೂದಲ ಕ್ಲಿಪ್ಪುಗಳನ್ನು ಸುರಿದ. ನಡುವೆ ಹನ್ನೊಂದು ಬಿಳಿ, ಸುತ್ತ ಹನ್ನೊಂದು ಕಪ್ಪು. “ಬಿಳೀದು ಪ್ರೋಟಾನ್, ಪ್ಲಸ್. ನಡುಮನೆ ಬಿಟ್ಟು ಕದಲಲ್ಲ. ಕಪ್ಪು ಎಲೆಕ್ಟ್ರಾನ್, ಮೈನಸ್. ಹೊಸಿಲಾಚೆ ಓಡಾಡೋದೆಲ್ಲ ಇವೇ. ಈಗ ಸರಿಸಮ. ಒಂದು ಕಪ್ಪು ಮನೆ ಬಿಟ್ಟು ಹೋಯ್ತು. ಯಾವುದು ಹೆಚ್ಚು?”

“ಬಿಳಿ. ಒಂದು. ಓ, ಅದಕ್ಕೇ ಪ್ಲಸ್ ಒಂದು.”

“ಓಡಿಹೋದವನು?”

“ಕ್ಲೋರಿನ್ ಮನೆ ಸೇರ್ಕೊಂಡ. ಅದು ಮೈನಸ್ ಒಂದು. ಪ್ಲಸ್ಸೂ ಮೈನಸ್ಸೂ ಒಂದನ್ನೊಂದು ಎಳಕೊಂಡ್ರೆ ಉಪ್ಪು.”

“ಹೀಗೆ ಚಾರ್ಜ್ ಬಂದ ಪರಮಾಣುವಿಗೆ?”

“ಅಯಾನು. ಏಳೋ ಮಾರಾಯ, ಬಸ್ಸು ತಪ್ಪುತ್ತೆ.”

ಬಸ್ಸಿನಲ್ಲೂ ಟೇಪು ಕೇಳುತ್ತ ಹೋದ, ಅವಳು ತಡವರಿಸಿದಾಗಲೆಲ್ಲ ಕೆಮ್ಮುತ್ತ ಹೋದ. ಮುಂದಿನ ಸೀಟಿನ ಹೆಂಗಸು ಕಿಟಕಿ ಮುಚ್ಚಿದಳು. ಅತ್ತಿಗೆಯ ಬೆರಳು ಚೀಲದ ಜಿಪ್ಪನ್ನು ತೆಗೆಯುತ್ತಲೂ ಎಳೆಯುತ್ತಲೂ ಇತ್ತು.

ಪ್ರಯೋಗಾಲಯದ ಮೇಜಿನಾಚೆ ಮೇಷ್ಟ್ರು ಕರವಸ್ತ್ರ ಹಿಡಿದು ಕೂತಿದ್ದರು. ಮೂಗಿನ ತುದಿ ಕೆಂಪಗಿತ್ತು. ಗಾಜಿನ ಶೀಸೆಗಳ ಸಾಲಿನ ಮೇಲೆ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಮಿನುಗುತ್ತಿತ್ತು. ಅವರು ಕೇಳಿದ್ದು ಅದೇ ಪ್ರಶ್ನೆ, ಅದೇ ದನಿಯಲ್ಲಿ.

“ಪ್ಲಸ್ ಒಂದು ಸಾರ್.”

“ಖ್ಹುಂ.”

“ಅಲ್ಲಲ್ಲ, ಮೈನಸ್.”

“ಮೈನಸ್ಸಾ? ಖ್ಹುಂ.”

“ಪ್ಲಸ್ಸೇ.”

“ಖ್ಹುಂ, ಖ್ಹುಂ.”

“ಹಾಗಾದ್ರೆ ಚಾರ್ಜೇ ಇಲ್ಲ ಸಾರ್.”

ಮೇಷ್ಟ್ರು ಪೆನ್ನು ಕೆಳಗಿಟ್ಟರು. “ಸೋಡಿಯಂನ ಗಾಳಿಪಟ ಮಾಡ್ಬಿಟ್ರಲ್ಲಮ್ಮಾ. ಎಲ್ಲಾದ್ರೂ ಒಂದು ಕಡೆ ಇಳಿಸಿ. ಕೊನೇ ಸಲ ಕೇಳ್ತೀನಿ.”

ಅವರ ಮುಖ ನೋಡಿದಳು. ಇನ್ನೊಂದು ಕೆಮ್ಮು ಗಂಟಲಿಗೆ ಹತ್ತುತ್ತಿದ್ದದ್ದು ಕಂಡಿತು. ಓಡಿಹೋಗೋಣ ಎನಿಸಿ, ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಮಡಿಲಲ್ಲಿದ್ದ ಬಿರಿದ ಕೈಗಳ ಮೇಲೆ ಕಣ್ಣು ಬಿತ್ತು. ಮುಖ ನೋಡುವುದನ್ನೇ ಬಿಟ್ಟು, ಆ ಬೆರಳುಗಳನ್ನೇ ಮಡಿಸುತ್ತ ಗಟ್ಟಿಯಾಗಿ ಲೆಕ್ಕ ಹಾಕತೊಡಗಿದಳು.

“ಪ್ರೋಟಾನ್ ಹನ್ನೊಂದು. ಅದು ಕದಲಲ್ಲ. ಎಲೆಕ್ಟ್ರಾನ್ ಹನ್ನೊಂದಿತ್ತು, ಒಂದು ಹೋಯ್ತು, ಹತ್ತು. ಪ್ಲಸ್ ಒಂದು ಹೆಚ್ಚಿದೆ. ಪ್ಲಸ್ ಒಂದು.”

“ಖ್ಹುಂ.”

“ನೀವು ಎಷ್ಟು ಕೆಮ್ಮಿದ್ರೂ ಅಷ್ಟೇ ಸಾರ್.”

ಮೇಷ್ಟ್ರು ಕರವಸ್ತ್ರ ಇಳಿಸಿದರು. “ನನಗೆ ನೆಗಡಿ ಆದ್ರೆ ಸೋಡಿಯಂಗೇನಮ್ಮಾ?”

ವಿಧಿಯಿಲ್ಲದೆ ಮೈದುನನ ಪಾಠದ ವಿಷಯ ಹೇಳಿದಳು. ಅವರ ಹುಬ್ಬು ನಿಧಾನಕ್ಕೆ ಮೇಲೇರಿತು.

“ಟೇಪಾ? ನನ್ನ ದನೀಲಿ ಇವತ್ತು ಕ್ಲಾಸಿಲ್ಲ ಅಂತ ಕೂಗಿ, ಇಡೀ ಕ್ಲಾಸನ್ನೇ ಮನೆಗೆ ಕಳಿಸಿದ್ದನಲ್ಲ, ಅವನಾ? ಇರಲಿ. ನೀರಲ್ಲಿ ಕ್ಯಾಲ್ಸಿಯಂ ಇರುತ್ತೆ. ಎರಡು ಎಲೆಕ್ಟ್ರಾನ್ ಬಿಟ್ಟು ಬಂದಿರುತ್ತೆ. ಅದರ ಚಾರ್ಜು?”

ಇದನ್ನು ಟೇಪು ಹೇಳಿಕೊಟ್ಟಿರಲಿಲ್ಲ. “ಪ್ರೋಟಾನ್ ಎಷ್ಟು ಸಾರ್?”

“ಇಪ್ಪತ್ತು.”

“ಎಲೆಕ್ಟ್ರಾನ್ ಹದಿನೆಂಟು ಉಳೀತು. ಪ್ಲಸ್ ಎರಡು.”

ಮೇಷ್ಟ್ರು ಮೂಗೊರೆಸಿಕೊಂಡು ಅವಳ ಕೈಗಳತ್ತ ನೋಡಿದರು. “ಸೋಮವಾರ ಬೆಳಿಗ್ಗೆ ಬನ್ನಿ. ಕೈಗವಸು ಇಲ್ಲೇ ಕೊಡ್ತೀವಿ.”

ಹೊರಗೆ ಮೊಗಸಾಲೆಯಲ್ಲಿ ಟೇಪು ಶತಪಥ ಹಾಕುತ್ತಿದ್ದ. “ಏನಂದ್ರು ಅತ್ತಿಗೆ?”

“ಕೈಗವಸು ಕೊಡ್ತಾರಂತೆ.”

“ಅಂದ್ರೆ ಸಿಕ್ತು?”

ಅವಳು ಹೂಂ ಎನ್ನಲು ಹೋಗಿ, ಬಾತ ಬೆರಳುಗಳನ್ನು ಅಗಲಿಸಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. “ಇವಕ್ಕೆ ದೊಡ್ಡ ಅಳತೇದೇ ಆಗ್ಬೇಕು ಕಣೋ. ಹೇಳಲೇ ಇಲ್ಲ. ಇರು, ಬಂದೆ” ಎಂದವಳು ಅರ್ಧ ಓಡುತ್ತ ಮತ್ತೆ ಒಳಗೆ ಹೋದಳು.